ಅಕ್ಕನ ಗಣಕವೇ ತಮ್ಮನ ಹೆಬ್ಬಾಗಿಲು

ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳಲ್ಲಿ ರೈಲು ಹತ್ತಿ ಪುಣೆಯ ಕಡೆಗೆ ಹೋಗಿಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಒಂದು ಪ್ರಶ್ನೆ ಕೇಳಿ ನೋಡಿ: ‘ಅಜ್ಜಾ, ಆಗ ಮಿರಜದಾಗ ಗಾಡಿ ಯಾಕ ಬದಲಿ ಮಾಡತಿದ್ರಿ?’ ಉತ್ತರ ತಟ್ಟನೆ ಬರುತ್ತದೆ. ಈ ಕಡೆಯ ಹಳಿ ಮೀಟರ್ ಗೇಜ್, ಪುಣೆಯ ಕಡೆಯ ಹಳಿ ಬ್ರಾಡ್ ಗೇಜ್. ಪಂಢರಪುರದ ಕಡೆಯದಂತೂ ಇನ್ನೂ ಕಿರಿದಾದ ನ್ಯಾರೋ ಗೇಜ್. ಮೂರೂ ಅಳತೆಯ ಹಳಿಗಳು ಬಂದು ಸೇರುತ್ತಿದ್ದ ಅಪರೂಪದ ಜಂಕ್ಷನ್ ಮಿರಜ. ಒಂದು ಹಳಿಯ ಗಾಡಿ ಇನ್ನೊಂದು ಹಳಿಯ ಮೇಲೆ ಓಡದು. ಪ್ರಯಾಣಿಕರು ಗಂಟುಮೂಟೆ ಹೊತ್ತು ಇಳಿದು ಮತ್ತೊಂದು ಗಾಡಿ ಹತ್ತಬೇಕು. ಸರಕನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕು.

ಹಳಿಗಳೆಲ್ಲ ಬ್ರಾಡ್ ಗೇಜ್ ಆಗಿ ಈಗ ಆ ತೊಂದರೆ ಇಲ್ಲ. ಆದರೆ ಮಿರಜದ ಆ ಪ್ಲಾಟ್‌ಫಾರ್ಮ್ ಮಾಡುತ್ತಿದ್ದ ಕೆಲಸವನ್ನೇ ಇಂದು ನಮ್ಮ ಮನೆಮನೆಗಳಲ್ಲಿ ಒಂದು ಯಂತ್ರ ಸದ್ದಿಲ್ಲದೆ ಮಾಡುತ್ತಿದೆ. ಎರಡು ಬೇರೆ ಬೇರೆ ಜಾಲಗಳ ನಡುವೆ ನಿಂತು ಒಂದರ ಸರಕನ್ನು ಇನ್ನೊಂದಕ್ಕೆ ದಾಟಿಸುವ ಈ ಯಂತ್ರಕ್ಕೆ ಗಣಕ ಶಾಸ್ತ್ರದಲ್ಲಿ ‘ಗೇಟ್‌ವೇ’ ಎಂದು ಹೆಸರು. ಕನ್ನಡದಲ್ಲಿ ಹೆಬ್ಬಾಗಿಲು ಎನ್ನಬಹುದು. ಅಂಗಡಿಯಿಂದ ಹೊಸ ಪೆಟ್ಟಿಗೆ ಕೊಂಡು ತಂದರೇ ಹೆಬ್ಬಾಗಿಲು ಸಿಗುವುದೆಂದೇನೂ ಇಲ್ಲ. ಮನೆಯಲ್ಲಿರುವ ಸಾಮಾನ್ಯ ಗಣಕವನ್ನೇ ಇನ್ನೊಂದು ಗಣಕಕ್ಕೆ ಹೆಬ್ಬಾಗಿಲನ್ನಾಗಿ ಮಾಡಬಹುದು. ಅದು ಹೇಗೆ, ಅದರಿಂದ ಏನು ಲಾಭ, ಎಲ್ಲಿ ಎಚ್ಚರ ಬೇಕು ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ತಿಳಿದಿದ್ದರೆ ಒಳ್ಳೆಯದು.

ಒಂದು ಸಂಪರ್ಕ, ಇಬ್ಬರು ಮಕ್ಕಳು

ಚಿಕ್ಕೋಡಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಕ್ಕ ಪಿಯು ವಿಜ್ಞಾನದಲ್ಲಿದ್ದಾಳೆ, ತಮ್ಮ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅಕ್ಕನ ಬಳಿ ಲ್ಯಾಪ್‌ಟಾಪ್ ಇದೆ. ಅಪ್ಪನ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಅದಕ್ಕೆ ಜೋಡಿಸಿದರೆ ಅಂತರಜಾಲ ಸಿಗುತ್ತದೆ. ತಮ್ಮನಿಗೆ ಸಿಕ್ಕಿರುವುದು ಮಾವ ಕೊಟ್ಟ ಹಳೆಯ ಮೇಜುಗಣಕ. ಅದರಲ್ಲಿ ವೈ-ಫೈ ಇಲ್ಲ, ಹಿಂಭಾಗದಲ್ಲಿ ಜಾಲದ ತಂತಿ ಸಿಕ್ಕಿಸುವ ಒಂದು ಕಿಂಡಿ ಮಾತ್ರ ಇದೆ.

‘ಅಕ್ಕಾ, ನಿನ್ನ ಕಂಪ್ಯೂಟರಿಗೆ ನೆಟ್ ಬರತೈತಿ, ನಂದಕ್ಕ ಯಾಕ ಬರಂಗಿಲ್ಲ?’

‘ನಾ ಓದೂದು ಮುಗದ ಮ್ಯಾಲೆ ನಿನಗ ಕೊಡ್ತೀನಿ, ತಡೀ.’

ಇಂಥ ಮಾತು ಎಷ್ಟು ಮನೆಗಳಲ್ಲಿ ನಡೆದಿಲ್ಲ! 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದವು. ರಾಜ್ಯದ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯು ಮಕ್ಕಳು ಮತ್ತೆ ತರಗತಿಯಲ್ಲಿ ಕುಳಿತದ್ದು 2021ರ ಜನವರಿ 1ರಂದು. ಆ ಒಂಬತ್ತು ತಿಂಗಳಲ್ಲಿ ಒಂದೇ ಮೊಬೈಲ್ ಇದ್ದ ಮನೆಗಳಲ್ಲಿ ಅದು ಯಾರ ಕೈಗೆ ಹೋಯಿತು, ಯಾರ ಪಾಠ ತಪ್ಪಿತು ಎಂಬುದನ್ನು ಪ್ರತಿ ಮನೆಯೂ ತನ್ನಷ್ಟಕ್ಕೆ ತಾನು ನೆನಪಿಸಿಕೊಳ್ಳಬಹುದು. ದೊಡ್ಡವರ ಸರದಿ ಮುಗಿಯುವಷ್ಟರಲ್ಲಿ ಚಿಕ್ಕವರಿಗೆ ನಿದ್ದೆ. ಗಂಡುಮಗನ ಕೈಗೆ ಮೊದಲು ಹೋದರೆ ಹೆಣ್ಣುಮಗಳ ಸರದಿ ಬರುವುದು ಅಡುಗೆ ಕೆಲಸ ಮುಗಿದ ಮೇಲೆ. ಇರುವ ಒಂದೇ ಸಂಪರ್ಕವನ್ನು ಏಕಕಾಲಕ್ಕೆ ಇಬ್ಬರು ಬಳಸುವ ಉಪಾಯ ಗೊತ್ತಿದ್ದರೆ ಸರದಿಯ ಈ ಜಗಳವೇ ಇರದು.

ಪೊಟ್ಟಣಗಳ ಪ್ರಯಾಣ

ಉಪಾಯ ಅರ್ಥವಾಗಬೇಕಾದರೆ ಮೊದಲು ಜಾಲದಲ್ಲಿ ಮಾಹಿತಿ ಹೇಗೆ ಚಲಿಸುತ್ತದೆ ಎಂಬುದನ್ನು ನೋಡೋಣ. ನೀವು ಒಂದು ಚಿತ್ರವನ್ನು ಕಳಿಸಿದಾಗ ಅದು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಒಂದೊಂದೂ ಬೇರೆ ಪೊಟ್ಟಣವಾಗಿ ಹೊರಡುತ್ತದೆ. ಪ್ರತಿ ಪೊಟ್ಟಣದ ಮೇಲೂ ಎರಡು ವಿಳಾಸಗಳಿರುತ್ತವೆ: ಒಂದು ತಲುಪಬೇಕಾದ ಗಣಕದ್ದು, ಇನ್ನೊಂದು ಕಳಿಸಿದ ಗಣಕದ್ದು. ಒಂದೇ ಚಿತ್ರದ ಪೊಟ್ಟಣಗಳು ಬೇರೆ ಬೇರೆ ದಾರಿ ಹಿಡಿಯಲೂಬಹುದು. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಕಲ್ಲೋಳ–ಯಡೂರ ಸೇತುವೆ ಮುಳುಗಿದಾಗ ಜನ ಸುತ್ತುಬಳಸಿ ಅಂಕಲಿಯ ದೊಡ್ಡ ಸೇತುವೆಯ ಮೇಲೆ ಹೋಗುವುದಿಲ್ಲವೆ? ಹಾಗೆಯೇ ಇದು. ಕೊನೆಗೆ ಎಲ್ಲ ಪೊಟ್ಟಣಗಳೂ ತಲುಪಿದ ಮೇಲೆ ಆ ಕಡೆಯ ಗಣಕ ಅವುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ.

ಪ್ರತಿ ಗಣಕವೂ ಒಂದು ನಿಯಮವನ್ನು ಪಾಲಿಸುತ್ತದೆ. ಪೊಟ್ಟಣದ ವಿಳಾಸ ತನ್ನ ಮನೆಯೊಳಗಿನದಾದರೆ ನೇರವಾಗಿ ಕೊಡು, ಇಲ್ಲವಾದರೆ ಹೆಬ್ಬಾಗಿಲಿಗೆ ಒಯ್ದು ಒಪ್ಪಿಸು. ಜಗತ್ತಿನ ಎಲ್ಲ ದಾರಿಗಳೂ ಅದಕ್ಕೆ ಗೊತ್ತಿರಬೇಕಾಗಿಲ್ಲ, ಹೆಬ್ಬಾಗಿಲು ಎಲ್ಲಿದೆ ಎಂಬುದೊಂದು ಗೊತ್ತಿದ್ದರೆ ಸಾಕು. ಅಥಣಿಯ ಅಂಚೆಪೆಟ್ಟಿಗೆಗೆ ಕಾಗದ ಹಾಕುವವನಿಗೆ ದಿಲ್ಲಿಯ ದಾರಿ ಗೊತ್ತಿರಬೇಕೆ? ಅಂಚೆ ಕಚೇರಿಗೆ ಗೊತ್ತಿದ್ದರಾಯಿತು.

ತಮ್ಮನ ಗಣಕಕ್ಕೆ ನೆಟ್ ಬಾರದಿರುವ ಕಾರಣ ಈಗ ಹೊಳೆಯಿತಲ್ಲ? ಅದಕ್ಕೆ ಹೆಬ್ಬಾಗಿಲೇ ಇಲ್ಲ. ಅಕ್ಕನ ಲ್ಯಾಪ್‌ಟಾಪಿಗೆ ಎರಡು ಮುಖಗಳಿವೆ: ಒಂದು ಮೊಬೈಲಿನ ಕಡೆಗೆ, ಇನ್ನೊಂದು ಜಾಲದ ತಂತಿಯ ಕಿಂಡಿಯ ಕಡೆಗೆ. ಎರಡು ಕಡೆಯೂ ಮುಖವಿರುವ ಆ ಯಂತ್ರವೇ ನಡುವೆ ನಿಂತು ಪೊಟ್ಟಣಗಳನ್ನು ದಾಟಿಸಬಲ್ಲದು. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲವನು ನಡುವೆ ಕುಳಿತು ವ್ಯಾಪಾರ ಕುದುರಿಸಿದ ಹಾಗೆ.

ವಾರ್ಡನ್ನರ ವಹಿ

ಇಲ್ಲೊಂದು ತೊಡಕಿದೆ. ಮೊಬೈಲ್ ಕಂಪನಿ ಕೊಡುವುದು ಒಂದೇ ಸಂಪರ್ಕ. ಹೊರಗಿನ ಜಗತ್ತಿಗೆ ಗೊತ್ತಿರುವುದು ಒಂದೇ ವಿಳಾಸ. ಆ ವಿಳಾಸಕ್ಕೆ ಉತ್ತರ ಬಂದರೆ ಅದು ಅಕ್ಕನದೋ ತಮ್ಮನದೋ ಎಂದು ತಿಳಿಯುವುದು ಹೇಗೆ?

ಹೈಸ್ಕೂಲಿನ ವಸತಿ ನಿಲಯವೊಂದನ್ನು ನೆನೆಯಿರಿ. ಅಲ್ಲಿ ನೂರು ಹುಡುಗರಿದ್ದಾರೆ, ಆದರೆ ಅಂಚೆಗೆ ಇರುವುದು ಒಂದೇ ವಿಳಾಸ. ಹುಡುಗರು ಬರೆದ ಕಾಗದಗಳನ್ನೆಲ್ಲ ವಾರ್ಡನ್ ಒಟ್ಟುಮಾಡಿ, ಕಳಿಸಿದವರ ಜಾಗದಲ್ಲಿ ನಿಲಯದ ವಿಳಾಸ ಹಾಕಿ, ಒಂದು ಗುರುತಿನ ಸಂಖ್ಯೆ ಬರೆದು ಅಂಚೆಗೆ ಹಾಕುತ್ತಾರೆ. ಜೊತೆಗೆ ತಮ್ಮ ವಹಿಯಲ್ಲಿ ‘ಈ ಸಂಖ್ಯೆ ಇಂಥ ಕೋಣೆಯ ಇಂಥ ಹುಡುಗನದು’ ಎಂದು ಬರೆದಿಡುತ್ತಾರೆ. ಉತ್ತರ ಬಂದಾಗ ವಹಿ ನೋಡಿ ಆಯಾ ಹುಡುಗನಿಗೆ ಮುಟ್ಟಿಸುತ್ತಾರೆ.

ಹೆಬ್ಬಾಗಿಲಾದ ಗಣಕ ಮಾಡುವುದೂ ಅಕ್ಷರಶಃ ಇದನ್ನೇ. ತಮ್ಮನ ಗಣಕದ ಒಳವಿಳಾಸ 192.168.137.20 ಎಂದಿಟ್ಟುಕೊಳ್ಳೋಣ. ಅವನ ಪೊಟ್ಟಣ ಹೊರಡುವಾಗ ಅಕ್ಕನ ಗಣಕ ಆ ವಿಳಾಸವನ್ನು ಅಳಿಸಿ ತನ್ನ ಹೊರಮುಖದ ವಿಳಾಸವನ್ನು ಬರೆಯುತ್ತದೆ. ಗುರುತಿಗೆ ಒಂದು ‘ಪೋರ್ಟ್’ ಸಂಖ್ಯೆ ಹಾಕುತ್ತದೆ. ಈ ಸಂಖ್ಯೆ 65,535ರವರೆಗೆ ಇರಬಹುದು. ‘51200 ಎಂದರೆ ತಮ್ಮನದು’ ಎಂದು ತನ್ನ ನೆನಪಿನ ವಹಿಯಲ್ಲಿ ದಾಖಲಿಸುತ್ತದೆ. ಉತ್ತರ 51200ಕ್ಕೆ ಬಂದರೆ ತಮ್ಮನಿಗೆ ದಾಟಿಸುತ್ತದೆ. ಇದಕ್ಕೆ ‘ನ್ಯಾಟ್’, ಅಂದರೆ ಜಾಲ ವಿಳಾಸ ಪರಿವರ್ತನೆ ಎಂದು ಹೆಸರು. ಲಿನಕ್ಸ್ ಬಳಸುವವರು ಇದನ್ನೇ ‘ಮಾಸ್ಕರೇಡ್’ ಎನ್ನುತ್ತಾರೆ, ಎಂದರೆ ವೇಷ ಹಾಕುವುದು. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಗಂಡಸು ಸತ್ಯಭಾಮೆಯ ವೇಷ ಹಾಕಿ ರಂಗಕ್ಕೆ ಬರುವಂತೆ ತಮ್ಮನ ಪೊಟ್ಟಣ ಅಕ್ಕನ ಗಣಕದ ವೇಷ ಧರಿಸಿ ಹೊರಗೆ ಹೋಗುತ್ತದೆ!

ವಿಳಾಸಗಳ ಬರ

ಈ ವೇಷದ ಉಪಾಯ ಹುಟ್ಟಿದ್ದು ಬಡತನದಿಂದ, ವಿಳಾಸಗಳ ಬಡತನದಿಂದ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಒಂದು ವಿಳಾಸಕ್ಕೆ 32 ಬಿಟ್‌ಗಳು. ಗಣಿತದ ವಿದ್ಯಾರ್ಥಿಗಳು 2ರ ಘಾತ 32 ಎಷ್ಟೆಂದು ಲೆಕ್ಕ ಹಾಕಲಿ: 429 ಕೋಟಿ 49 ಲಕ್ಷ 67 ಸಾವಿರದ 296. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರಗಳಿರುವಾಗ ಇದು ಯಾವ ಲೆಕ್ಕ?

ಈ ಬರ ಬರಲಿದೆ ಎಂದು ತಜ್ಞರು 1990ರ ದಶಕದ ಆರಂಭದಲ್ಲೇ ಅರಿತಿದ್ದರು. 1994ರ ಮೇ ತಿಂಗಳಲ್ಲಿ ನ್ಯಾಟ್ ವಿಧಾನದ ವಿವರಣೆ ಪ್ರಕಟವಾಯಿತು. 1996ರ ಫೆಬ್ರುವರಿಯಲ್ಲಿ ಕೆಲವು ವಿಳಾಸಗಳನ್ನು ‘ಇವು ಮನೆಯೊಳಗಿನ ಬಳಕೆಗೆ ಮಾತ್ರ’ ಎಂದು ತೆಗೆದಿರಿಸುವ ಪದ್ಧತಿ ಈಗಿನ ರೂಪಕ್ಕೆ ಬಂತು. 10ರಿಂದ, 192.168ರಿಂದ ಆರಂಭವಾಗುವ ವಿಳಾಸಗಳು ಅಂಥವು. ಕಾಗವಾಡದ ಮನೆಯಲ್ಲಿಯೂ ಕೆನಡಾದ ಮನೆಯಲ್ಲಿಯೂ ಒಂದೇ 192.168.0.5 ಇರಬಹುದು. ಊರಿಗೊಂದು ‘ಹನುಮಂತ ದೇವರ ಓಣಿ’ ಇದ್ದಂತೆ, ಓಣಿಯೊಳಗೆ ಗೊಂದಲವಿಲ್ಲ. ಕೊನೆಗೆ 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದಲ್ಲಿದ್ದ ಹಳೆಯ ಪದ್ಧತಿಯ ಕೊನೆಯ ವಿಳಾಸ ಕಟ್ಟುಗಳನ್ನೂ ಹಂಚಿ ಮುಗಿಸಲಾಯಿತು. 128 ಬಿಟ್‌ಗಳ ಹೊಸ ವಿಳಾಸ ಪದ್ಧತಿ ಈಗ ಹಬ್ಬುತ್ತಿದೆ, ಅದನ್ನು ಬಳಸುವುದರಲ್ಲಿ ಭಾರತ ಮುಂದಿನ ಸಾಲಿನಲ್ಲಿದೆ. ಆದರೂ ಹಳೆಯದು ಸಂಪೂರ್ಣ ಮರೆಯಾಗುವವರೆಗೆ ಹೆಬ್ಬಾಗಿಲುಗಳ ವೇಷದಾಟ ತಪ್ಪಿದ್ದಲ್ಲ.

ಬೆಂಗಳೂರಿಗೆ ಮುಂಬಯಿಯೇ ಹೆಬ್ಬಾಗಿಲು

ಹೆಬ್ಬಾಗಿಲಿನ ಕಲ್ಪನೆ ವಿಳಾಸದ ಬರಕ್ಕಿಂತ ಹಳೆಯದು. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಒಂದು ಪ್ರಬಂಧ ಪ್ರಕಟಿಸಿದರು. ಬೇರೆ ಬೇರೆ ಜಾಲಗಳ ನಡುವೆ ಒಂದೊಂದು ಗಣಕವನ್ನು ಹೆಬ್ಬಾಗಿಲಾಗಿ ನಿಲ್ಲಿಸಿದರೆ ಅವೆಲ್ಲವನ್ನೂ ಒಂದು ಮಾಡಬಹುದು ಎಂಬುದು ಅದರ ಸಾರ. 1977ರ ನವೆಂಬರ್ 22ರಂದು ಇದರ ದೊಡ್ಡ ಪರೀಕ್ಷೆ ನಡೆಯಿತು. ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಓಡುತ್ತಿದ್ದ ಒಂದು ವ್ಯಾನಿನಿಂದ ರೇಡಿಯೊ ಮೂಲಕ ಹೊರಟ ಪೊಟ್ಟಣಗಳು ತಂತಿಯ ಜಾಲಕ್ಕೆ ಇಳಿದು, ಉಪಗ್ರಹದ ಜಾಲದಲ್ಲಿ ಅಟ್ಲಾಂಟಿಕ್ ಸಾಗರ ದಾಟಿ, ಲಂಡನ್ ಮುಟ್ಟಿ ಮತ್ತೆ ಅಮೆರಿಕಕ್ಕೆ ಬಂದವು. ಮೂರು ಗೇಜಿನ ಹಳಿಗಳನ್ನು ದಾಟಿದ ಸರಕು ಒಂದೂ ಒಡೆಯದೆ ತಲುಪಿದಂತಾಯಿತು!

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯವಾದುದು. 1986ರಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಕೈಗೆತ್ತಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ದಿಲ್ಲಿಯ ಇಲಾಖೆ ಮತ್ತು ಮುಂಬಯಿಯ ಎನ್‌ಸಿಎಸ್‌ಟಿ ಎಂಬ ತಂತ್ರಾಂಶ ಸಂಸ್ಥೆ ಇದರ ಮೊದಲ ಎಂಟು ಪಾಲುದಾರರು. ಆರಂಭದಲ್ಲಿ ಗಣಕಗಳು ದೂರವಾಣಿಯ ಮೂಲಕ ಒಂದಕ್ಕೊಂದು ಕರೆ ಮಾಡಿ ಅಂಚೆ ವಿನಿಮಯ ಮಾಡಿಕೊಳ್ಳುತ್ತಿದ್ದವು. 1992ರ ಹೊತ್ತಿಗೆ ಈ ಎಂಟೂ ಸಂಸ್ಥೆಗಳ ನಡುವೆ ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಬಾಡಿಗೆ ತಂತಿಗಳು ಬಂದವು. ಅದೇ ವರ್ಷ ಎನ್‌ಸಿಎಸ್‌ಟಿಯಿಂದ ಅಮೆರಿಕದ ವರ್ಜೀನಿಯಾಕ್ಕೆ 64 ಕಿಲೋಬಿಟ್ ವೇಗದ ಹೆಬ್ಬಾಗಿಲು ತೆರೆಯಿತು. ಎನ್‌ಸಿಎಸ್‌ಟಿಯನ್ನು ಮುನ್ನಡೆಸಿದ ಶ್ರೀನಿವಾಸನ್ ರಮಣಿ ಅವರ ಹೆಸರನ್ನು 2014ರಲ್ಲಿ ಅಂತರಜಾಲದ ಜಾಗತಿಕ ಗೌರವ ಪಟ್ಟಿಗೆ ಸೇರಿಸಲಾಯಿತು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಇಂದು ಮೊಬೈಲಿನಲ್ಲಿ ತೆಗೆದ 30 ಲಕ್ಷ ಬೈಟ್‌ಗಳ ಒಂದು ಫೋಟೊ ಎಂದರೆ 2 ಕೋಟಿ 40 ಲಕ್ಷ ಬಿಟ್. ಅದು 9.6 ಕಿಲೋಬಿಟ್ ತಂತಿಯಲ್ಲಿ ಹೋಗಲು 2,500 ಸೆಕೆಂಡು, ಹತ್ತಿರ ಹತ್ತಿರ 42 ನಿಮಿಷ ಬೇಕು. 64 ಕಿಲೋಬಿಟ್ ಹೆಬ್ಬಾಗಿಲಿನಲ್ಲಾದರೆ ಆರೂಕಾಲು ನಿಮಿಷ. ದೇಶದ ಹೆಸರಾಂತ ವಿಜ್ಞಾನಿಗಳೆಲ್ಲ ಇಂಥ ಕಿರುಬಾಗಿಲನ್ನು ಹಂಚಿಕೊಂಡು ಜಗತ್ತಿನೊಡನೆ ಪತ್ರವ್ಯವಹಾರ ನಡೆಸಿದರು. ಮನೆಯಲ್ಲಿ ಇಬ್ಬರು ಮಕ್ಕಳು ಒಂದು ಸಂಪರ್ಕವನ್ನು ಹಂಚಿಕೊಳ್ಳುವುದು ಅದೇ ಪರಂಪರೆಯ ಮುಂದುವರಿಕೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿತು. 1998ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ದೊರೆಯಿತು. ಮೋಡೆಮ್ ಕಿರಗುಟ್ಟಿ ಸಂಪರ್ಕ ಸಿಕ್ಕಿತೆಂದರೆ ಮನೆಯ ದೂರವಾಣಿ ‘ಎಂಗೇಜ್’ ಆಗುತ್ತಿದ್ದ ಕಾಲವದು. ಒಂದೇ ಮೋಡೆಮ್, ಒಂದೇ ದೂರವಾಣಿ. ಕಚೇರಿಯಲ್ಲಿ ಗಣಕಗಳು ನಾಲ್ಕು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ‘ಸಂಪರ್ಕ ಹಂಚಿಕೆ’ಯ ಸೌಲಭ್ಯ ಸೇರಿದ ಮೇಲೆ ಸಾಮಾನ್ಯ ಬಳಕೆದಾರನೂ ತನ್ನ ಗಣಕವನ್ನು ಹೆಬ್ಬಾಗಿಲು ಮಾಡಬಲ್ಲವನಾದ. ಲಿನಕ್ಸ್ ಬಲ್ಲವರು ಅದಕ್ಕೂ ಮೊದಲೇ ಮಾಡುತ್ತಿದ್ದರು.

ಜೋಡಿಸುವುದು ಹೀಗೆ

ಈಗ ಅಕ್ಕ–ತಮ್ಮನ ಮನೆಗೆ ಮರಳೋಣ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಎರಡು ತುದಿಗೂ ಆರ್‌ಜೆ-45 ಕನೆಕ್ಟರ್ ಇರುವ ಒಂದು ಜಾಲದ ತಂತಿ. ಇದು 100 ಮೀಟರ್ ದೂರದವರೆಗೆ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಈ ತಂತಿಯ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಅಡಾಪ್ಟರ್ ಸಿಗುತ್ತದೆ. ಎರಡೂ ಗಣಕ ತೀರ ಹಳೆಯವಾದರೆ ಮಾತ್ರ ಒಳತಂತಿಗಳನ್ನು ಅದಲುಬದಲು ಮಾಡಿದ ‘ಕ್ರಾಸ್’ ತಂತಿ ಬೇಕಾದೀತು. ಈಚಿನ ಯಂತ್ರಗಳು ಅದನ್ನು ತಾವೇ ಸರಿಮಾಡಿಕೊಳ್ಳುತ್ತವೆ.

ಮೊದಲು ಅಕ್ಕನ ಲ್ಯಾಪ್‌ಟಾಪಿನಲ್ಲಿ ನೆಟ್ ಸರಿಯಾಗಿ ಬರುತ್ತಿದೆಯೇ ನೋಡಿಕೊಳ್ಳಬೇಕು. ಬುಡದಲ್ಲೇ ನೀರಿಲ್ಲದಿದ್ದರೆ ಕಾಲುವೆ ತೋಡಿ ಏನು ಫಲ? ಬಳಿಕ ತಂತಿಯಿಂದ ಎರಡೂ ಗಣಕಗಳನ್ನು ಜೋಡಿಸಬೇಕು. ಕಿಂಡಿಯ ಪಕ್ಕದ ಪುಟ್ಟ ದೀಪ ಹತ್ತಿದರೆ ತಂತಿ ಸರಿಯಾಗಿದೆ ಎಂದರ್ಥ.

ವಿಂಡೋಸ್ ಇರುವ ಲ್ಯಾಪ್‌ಟಾಪಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್’ ತೆರೆದು, ‘ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್’ ಒತ್ತಬೇಕು. ಅಲ್ಲಿ ಎರಡು ಗುರುತುಗಳು ಕಾಣುತ್ತವೆ. ಒಂದು ಮೊಬೈಲಿನದು, ಇನ್ನೊಂದು ತಂತಿಯದು. ನೆಟ್ ಬರುತ್ತಿರುವ ಮೊಬೈಲಿನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಶೇರಿಂಗ್’ ಪುಟಕ್ಕೆ ಹೋಗಿ. ಇತರರು ಈ ಗಣಕದ ಮೂಲಕ ಸಂಪರ್ಕ ಪಡೆಯಲು ಅನುಮತಿ ನೀಡುವ ಮೊದಲ ಚೌಕದಲ್ಲಿ ಗುರುತು ಹಾಕಿ. ಯಾವ ಕಡೆಗೆ ಹಂಚಬೇಕೆಂದು ಕೇಳಿದರೆ ತಂತಿಯ ಕಡೆಯನ್ನು ಆರಿಸಿ. ಇಲ್ಲಿ ಹಲವರು ಎಡವುತ್ತಾರೆ: ಹಂಚಿಕೆಯ ಗುರುತನ್ನು ನೆಟ್ ಬರುವ ಮುಖಕ್ಕೆ ಹಾಕಬೇಕು, ಕೊಡುವ ಮುಖಕ್ಕಲ್ಲ.

ಇಷ್ಟಾದೊಡನೆ ಅಕ್ಕನ ಗಣಕದ ಒಳಮುಖಕ್ಕೆ 192.168.137.1 ಎಂಬ ವಿಳಾಸ ತಾನಾಗಿ ಬರುತ್ತದೆ. ತಮ್ಮನ ಗಣಕದಲ್ಲಿ ‘ವಿಳಾಸವನ್ನು ತಾನಾಗಿ ಪಡೆ’ ಎಂಬ ಆಯ್ಕೆ ಇದ್ದರೆ ಸಾಕು. ಅಕ್ಕನ ಗಣಕವೇ ಅದಕ್ಕೊಂದು ವಿಳಾಸ, ಹೆಬ್ಬಾಗಿಲಿನ ವಿಳಾಸ, ಮತ್ತು ಹೆಸರಿನಿಂದ ಸಂಖ್ಯೆ ಹುಡುಕಿಕೊಡುವ ‘ಡಿಎನ್‌ಎಸ್’ನ ವಿಳಾಸ ಮೂರನ್ನೂ ಕೊಡುತ್ತದೆ. ಉಬುಂಟುವಿನಂಥ ಲಿನಕ್ಸ್ ಇದ್ದರೆ ಕೆಲಸ ಇನ್ನೂ ಸುಲಭ. ತಂತಿಯ ಸಂಪರ್ಕದ ಐಪಿವಿ4 ಪುಟದಲ್ಲಿ ‘ಬೇರೆ ಗಣಕಗಳೊಡನೆ ಹಂಚು’ ಎಂಬ ಆಯ್ಕೆ ಮಾಡಿದರಾಯಿತು. ಅಲ್ಲಿ ಹೆಬ್ಬಾಗಿಲಿನ ವಿಳಾಸ ಸಾಮಾನ್ಯವಾಗಿ 10.42.0.1 ಆಗಿರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಹತ್ತು ಗಣಕಗಳಿದ್ದರೆ ನಡುವೆ ಒಂದು ‘ಸ್ವಿಚ್’ ಪೆಟ್ಟಿಗೆ ಇಟ್ಟು ಎಲ್ಲವನ್ನೂ ಅದಕ್ಕೆ ಜೋಡಿಸಬಹುದು.

ಬರಲಿಲ್ಲವೆ? ಮೂರು ಪ್ರಶ್ನೆ ಕೇಳಿ

ಒಂದೇ ಸಲಕ್ಕೆ ನೆಟ್ ಬಂದರೆ ಅದೃಷ್ಟ. ಬಾರದಿದ್ದರೆ ಬೇಸರ ಬೇಡ, ನಿಜವಾದ ಕಲಿಕೆ ಅಲ್ಲಿಂದಲೇ ಶುರು. ಕೊಳವೆಬಾವಿಯ ನೀರು ತೊಟ್ಟಿಗೆ ಬಾರದಿದ್ದಾಗ ರೈತ ಪಂಪಿನಿಂದ ಹಿಡಿದು ಪೈಪಿನ ಗುಂಟ ನೋಡುತ್ತ ಬರುತ್ತಾನಲ್ಲ, ಹಾಗೆಯೇ ಇಲ್ಲಿಯೂ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ತಮ್ಮನ ಗಣಕದಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನು ತೆರೆದು ‘ಪಿಂಗ್’ ಆಜ್ಞೆಯಿಂದ ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು: ಅಕ್ಕನ ಗಣಕ ಸಿಗುತ್ತದೆಯೆ? ಪಿಂಗ್ 192.168.137.1 ಎಂದು ಕೇಳಿ. ಉತ್ತರ ಬಾರದಿದ್ದರೆ ದೋಷ ತಂತಿಯಲ್ಲಿ, ವಿಳಾಸದಲ್ಲಿ ಅಥವಾ ಅಕ್ಕನ ಗಣಕದ ರಕ್ಷಣಾ ಗೋಡೆಯಲ್ಲಿ ಇರಬಹುದು. ತಮ್ಮನ ಗಣಕದ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಊಹಿಸಿಕೊಂಡಿದೆ ಎಂದರ್ಥ. ಎರಡನೆಯದು: ಹೊರಗಿನ ಜಗತ್ತು ಸಿಗುತ್ತದೆಯೆ? ಪಿಂಗ್ 8.8.8.8 ಎಂದು ಕೇಳಿ. ಅಕ್ಕ ಸಿಕ್ಕಿ ಇದು ಸಿಗದಿದ್ದರೆ ಹಂಚಿಕೆಯ ಗುರುತು ತಪ್ಪಿದೆ. ಮೂರನೆಯದು: ಹೆಸರು ಗೊತ್ತಾಗುತ್ತದೆಯೆ? ಯಾವುದಾದರೂ ಜಾಲತಾಣದ ಹೆಸರಿಗೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರನ್ನೇ ಗುರುತಿಸದೆ ಹೋದರೆ ದಾರಿ ಸರಿಯಿದೆ, ಡಿಎನ್‌ಎಸ್ ವಿಳಾಸ ಮಾತ್ರ ಕೆಟ್ಟಿದೆ.

ಮಾಡಿ ನೋಡಬಹುದಾದ ಇನ್ನೊಂದು ಪ್ರಯೋಗ ‘ಟ್ರೇಸರ್ಟ್’. ಈ ಆಜ್ಞೆಯ ಮುಂದೆ ದೂರದ ಒಂದು ವಿಳಾಸ ಬರೆದರೆ ಪೊಟ್ಟಣ ದಾಟುವ ಹೆಬ್ಬಾಗಿಲುಗಳ ಪಟ್ಟಿ ಸಾಲಾಗಿ ಬರುತ್ತದೆ. ಉತ್ತರಿಸದ ಕೆಲವುಗಳ ಜಾಗದಲ್ಲಿ ನಕ್ಷತ್ರದ ಗುರುತು ಮೂಡುತ್ತದೆ. ಮೊದಲ ಸಾಲು ಅಕ್ಕನ ಗಣಕ, ಎರಡನೆಯದು ಅಪ್ಪನ ಮೊಬೈಲ್, ಮುಂದಿನವು ಕಂಪನಿಯ ಹೆಬ್ಬಾಗಿಲುಗಳು. ಹೌದು, ಮೊಬೈಲ್ ಕೂಡ ಒಂದು ಹೆಬ್ಬಾಗಿಲೇ! ‘ಹಾಟ್‌ಸ್ಪಾಟ್’ ಎಂದು ನಾವು ದಿನನಿತ್ಯ ಒತ್ತುವ ಗುಂಡಿಯ ಹಿಂದೆ ನಡೆಯುವುದು ಇದೇ ವಿಳಾಸ ಬದಲಿಸುವ, ವಹಿ ಬರೆಯುವ ಕೆಲಸ. ಗುಂಡಿ ಒತ್ತುವುದು ಎಲ್ಲರಿಗೂ ಬರುತ್ತದೆ. ಒಳಗೆ ನಡೆಯುವುದನ್ನು ಕೈಯಾರೆ ಮಾಡಿ ನೋಡಿದ ಮಗು ಮುಂದೆ ಎಂಥ ಜಾಲ ಕೆಟ್ಟರೂ ಕಂಗೆಡುವುದಿಲ್ಲ.

ಪಾಲಕರಿಗೆ ಎರಡು ಮಾತು

ಮೊದಲ ಮಾತು ಖರ್ಚಿನದು. ಹೆಬ್ಬಾಗಿಲು ಡೇಟಾವನ್ನು ಹಂಚುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಸಾಧಾರಣ ಸ್ಪಷ್ಟತೆಯ ವಿಡಿಯೊ ಪಾಠ ಗಂಟೆಗೆ ಸುಮಾರು ಅರ್ಧ ಜಿಬಿ ನುಂಗುತ್ತದೆ. ದಿನಕ್ಕೆ 1.5 ಜಿಬಿ ಇದ್ದರೆ ಒಟ್ಟು ಮೂರು ಗಂಟೆ, ಇಬ್ಬರಿಗೆ ತಲಾ ಒಂದೂವರೆ ಗಂಟೆ. ಆದರೆ ತಮ್ಮನ ಹಳೆಯ ಗಣಕಕ್ಕೆ ಬಹುದಿನಗಳ ಮೇಲೆ ನೆಟ್ ಸಿಕ್ಕ ಕೂಡಲೇ ಅದು ಬಾಕಿ ಉಳಿದ ತಂತ್ರಾಂಶದ ಹೊಸ ಭಾಗಗಳನ್ನೆಲ್ಲ ಇಳಿಸಿಕೊಳ್ಳತೊಡಗುತ್ತದೆ. ಹತ್ತು ನಿಮಿಷದಲ್ಲಿ ದಿನದ ಡೇಟಾ ಖಾಲಿ! ಇದರಲ್ಲಿ ಮಗನ ತಪ್ಪಿಲ್ಲ, ಬೈಯಬೇಡಿ. ಆ ಗಣಕದಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬ ಆಯ್ಕೆ ಹಾಕಿದರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ.

ಎರಡನೆಯ ಮಾತು ಹೊಣೆಯದು. ವೇಷ ಹಾಕಿ ಹೋದ ಪೊಟ್ಟಣ ಯಾರದೆಂದು ಹೊರಗಿನವರಿಗೆ ತಿಳಿಯದು. ಅವರಿಗೆ ಕಾಣುವುದು ಅಪ್ಪನ ಹೆಸರಿನ ಸಂಪರ್ಕ ಮಾತ್ರ. ಹೀಗಾಗಿ ನಿಮ್ಮ ಹೆಬ್ಬಾಗಿಲಿನಿಂದ ಯಾರಾದರೂ ಕಿಡಿಗೇಡಿತನ ಮಾಡಿದರೆ ವಿಚಾರಣೆ ಬರುವುದು ನಿಮ್ಮ ಮನೆಗೆ. ಈ ಕಾರಣಕ್ಕೇ 2011ರ ಸೈಬರ್ ಕೆಫೆ ನಿಯಮಗಳು ಬಳಕೆದಾರರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ವಿಧಿಸಿದವು. ಮನೆಯಲ್ಲಿ ವಹಿ ಬೇಕಿಲ್ಲ, ಆದರೆ ವೈ-ಫೈ ಮೂಲಕ ಹಂಚುವಾಗ ಗಟ್ಟಿಯಾದ ಗುಪ್ತಪದ ಇರಲೇಬೇಕು. ಅಪರಿಚಿತರಿಗೆ ಅದನ್ನು ಹೇಳಕೂಡದು.

ಹೆಬ್ಬಾಗಿಲು ಒಂದಿಷ್ಟು ಕಾವಲನ್ನೂ ಕಾಯುತ್ತದೆ. ಹೊರಗಿನಿಂದ ಕರೆಯದೆ ಬಂದ ಪೊಟ್ಟಣಕ್ಕೆ ವಹಿಯಲ್ಲಿ ಹೆಸರಿಲ್ಲವಾದ್ದರಿಂದ ಅದು ಒಳಗೆ ಹೋಗದು. ಆದರೆ ಒಳಗಿನವರೇ ಮೋಸದ ಕೊಂಡಿ ಒತ್ತಿ ಕಳ್ಳನನ್ನು ಕರೆದರೆ ಯಾವ ಬಾಗಿಲೂ ತಡೆಯಲಾರದು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಗಣಕಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಹಾಕುವುದು ಒಳ್ಳೆಯ ದಾರಿ. ಹಣಕಾಸಿನ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ.

ಇನ್ನು ಮಕ್ಕಳ ಕಡೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಾ ಏನ ನೋಡತೀನಿ ಅಂತ ಅಕ್ಕಗ ಎಲ್ಲಾ ಗೊತ್ತಾಗತೈತೇನು?’ ಎಲ್ಲವೂ ಅಲ್ಲ. ಬೀಗದ ಗುರುತಿರುವ ತಾಣಗಳಲ್ಲಿ ಕಾಗದ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ. ನಡುವೆ ನಿಂತ ಗಣಕ ಬಯಸಿದರೆ ಲಕೋಟೆ ಎಲ್ಲಿಗೆ ಹೊರಟಿದೆ ಎಂದು ನೋಡಬಹುದು, ಒಳಗಿನ ಬರಹವನ್ನು ಓದಲಾರದು.

ಬಾಗಿಲು ತೆರೆದಿಡುವವರು

ಈ ವ್ಯವಸ್ಥೆಗೆ ಒಂದು ಮಿತಿಯಿದೆ. ಅಕ್ಕ ತನ್ನ ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ ತಮ್ಮನ ನೆಟ್ ಕೂಡ ನಿಂತುಹೋಗುತ್ತದೆ. ಅದಕ್ಕೇ ಈಗ ಹಲವು ಮನೆಗಳಲ್ಲಿ ಸದಾ ಎಚ್ಚರವಿರುವ ‘ರೌಟರ್’ ಎಂಬ ಪುಟ್ಟ ಪೆಟ್ಟಿಗೆ ಬಂದಿದೆ. ಅದೂ ಇದೇ ಕೆಲಸಕ್ಕೆಂದು ಮೀಸಲಾದ ಒಂದು ಗಣಕವೇ, ಪರದೆ ಮತ್ತು ಕೀಲಿಮಣೆ ಇಲ್ಲ ಅಷ್ಟೆ.

ಆದರೆ ಪೆಟ್ಟಿಗೆ ಕೊಳ್ಳುವ ಅನುಕೂಲ ಎಲ್ಲ ಮನೆಗೂ, ಎಲ್ಲ ಶಾಲೆಗೂ ಇರುವುದಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತ ಹಳೆಯ ಗಣಕಗಳು ಮಾತ್ರ ಎಲ್ಲೆಡೆ ಇವೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಯಾವುದೇ ಹಳ್ಳಿಯ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದು ತಂತಿ, ಒಂದು ಮೊಬೈಲ್ ಹಿಡಿದು, ಗುರುಗಳ ಮಾರ್ಗದರ್ಶನದಲ್ಲಿ ಒಂದು ಮಧ್ಯಾಹ್ನ ಕುಳಿತರೆ ಆ ಗಣಕಗಳಿಗೆ ಮತ್ತೆ ಜೀವ ಬಂದೀತು.

ಮುಂದಿನ ರವಿವಾರ ಅಕ್ಕ ತಮ್ಮನಿಗೆ ‘ತಡೀ’ ಎನ್ನುವ ಬದಲು ‘ತಂತಿ ಹಿಡಕೊಂಡ ಬಾ’ ಎನ್ನಲಿ. ಅರ್ಧ ಗಂಟೆ ಹೆಣಗಾಡಿ, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ತಮ್ಮನ ಪರದೆಯ ಮೇಲೆ ಪಾಠದ ಪುಟ ತೆರೆದುಕೊಂಡಾಗ ಇಬ್ಬರೂ ಕಲಿತದ್ದು ಯಾವ ಪಠ್ಯಪುಸ್ತಕದ ಪಾಠಕ್ಕೂ ಕಡಿಮೆಯಲ್ಲ. ಆ ಹೊತ್ತು ಅಪ್ಪ ಅವ್ವ ಪಕ್ಕದಲ್ಲಿ ಕುಳಿತು ನೋಡಲಿ. ಪಿಂಗ್, ಪೋರ್ಟ್ ತಿಳಿಯದಿದ್ದರೂ ಮಿರಜದ ಪ್ಲಾಟ್‌ಫಾರ್ಮ್ ಅಜ್ಜನಿಗೆ ಗೊತ್ತಿದೆ, ಅಜ್ಜನೂ ಜೊತೆಗೆ ಕೂಡಲಿ.